ಗೌನು ತೊಟ್ಟ ಮೇಲಿನ ಪಾಠ: ನ್ಯಾಯಾಧೀಶರಿಗೂ ಕೋರ್ಟ್ ಸಿಬ್ಬಂದಿಗೂ ಸಿಗಬೇಕಾದ ನಿರಂತರ ತರಬೇತಿ

2024ರ ಜುಲೈ 1ರಿಂದೀಚೆಗೆ ನಮ್ಮ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಎರಡು ಜೊತೆ ಕಾನೂನು ಪುಸ್ತಕಗಳು ಇರುತ್ತವೆ. ಆ ದಿನಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆ ಅನ್ವಯಿಸಿದರೆ, ಆಮೇಲೆ ನಡೆದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಕೊಲೆಗೆ ಒಂದರಲ್ಲಿ ಕಲಂ 302, ಇನ್ನೊಂದರಲ್ಲಿ 103. ಹಳೆಯ ಪ್ರಕರಣಗಳು ಮುಗಿಯುವವರೆಗೂ, ಅಂದರೆ ಇನ್ನೂ ಹಲವು ವರ್ಷ, ಬೆಳಗಿನ ಕಲಾಪದಲ್ಲಿ ಒಂದು ಕಾನೂನು ಓದಿ ಮಧ್ಯಾಹ್ನ ಇನ್ನೊಂದನ್ನು ಓದುವ ಪರಿಸ್ಥಿತಿ ಮುಂದುವರಿಯುತ್ತದೆ. ಕಲಂಗಳ ಸಂಖ್ಯೆ ಬದಲಾದದ್ದು ದೊಡ್ಡ ತೊಂದರೆಯಲ್ಲ. ಗೋಡೆಗೆ ಒಂದು ಪಟ್ಟಿ ಅಂಟಿಸಿಕೊಂಡರೆ ತಿಂಗಳೊಳಗೆ ಅದು ಬಾಯಿಗೆ ಬರುತ್ತದೆ. ತೊಂದರೆ ಇರುವುದು ಹಳೆಯ ಕಲಮಿನಂತೆಯೇ ಕಾಣುವ, ಆದರೆ ಒಳಗೆ ಒಂದು ಹೊಸ ಪರಂತುಕವನ್ನು, ಅಂದರೆ ‘ಆದರೆ’ ಎಂದು ಸೇರಿಸುವ ಷರತ್ತನ್ನು, ಅಡಗಿಸಿಕೊಂಡ ಕಲಂಗಳಲ್ಲಿ.

ಒಂದು ಉದಾಹರಣೆ ನಮ್ಮ ರಾಜ್ಯದ್ದೇ ಇದೆ. ಪೊಲೀಸರ ಮೂಲಕವಲ್ಲದೆ ನೇರವಾಗಿ ಕೋರ್ಟಿಗೆ ಖಾಸಗಿ ಫಿರ್ಯಾದು ಬಂದಾಗ ಫಿರ್ಯಾದಿಯ ಪ್ರಮಾಣೀಕೃತ ಹೇಳಿಕೆ ಪಡೆದು, ಅಪರಾಧವನ್ನು ವಿಚಾರಣೆಗೆ ಅಂಗೀಕರಿಸಬೇಕೇ ಬೇಡವೇ ಎಂದು ಮ್ಯಾಜಿಸ್ಟ್ರೇಟರು ತೀರ್ಮಾನಿಸುವುದು ಹಿಂದಿನಿಂದ ಬಂದ ಕ್ರಮ. ಆ ಹಂತದಲ್ಲಿ ಆರೋಪಿಗೆ ಮಾತಿಲ್ಲ. ಕ್ರಿಮಿನಲ್ ಪ್ರಕರಣಗಳ ಕಾರ್ಯವಿಧಾನದ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಇದಕ್ಕೊಂದು ಪರಂತುಕ ಸೇರಿಸಿ, ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಕೊಡದೆ ಅಪರಾಧವನ್ನು ಅಂಗೀಕರಿಸುವಂತಿಲ್ಲ ಎಂದಿತು. ಹಾಗಾದರೆ ನೋಟಿಸ್ ಹೋಗಬೇಕಾದದ್ದು ಯಾವಾಗ? ಫಿರ್ಯಾದು ಕೈಗೆ ಬಂದ ಕೂಡಲೇ ಮ್ಯಾಜಿಸ್ಟ್ರೇಟರೊಬ್ಬರು ಆರೋಪಿಗೆ ನೋಟಿಸ್ ಕಳುಹಿಸಿದರು. ವಿಷಯ ಹೈಕೋರ್ಟಿಗೆ ಹೋಯಿತು. ಮೊದಲು ಪ್ರಮಾಣೀಕೃತ ಹೇಳಿಕೆ, ಅನಂತರ ಅದರ ಪ್ರತಿಯೊಂದಿಗೆ ಆರೋಪಿಗೆ ನೋಟಿಸ್, ಆಮೇಲೆ ಅಂಗೀಕಾರದ ಪ್ರಶ್ನೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕ್ರಮವನ್ನು ಬಿಡಿಸಿ ಹೇಳಿ, ಪ್ರಕರಣವನ್ನು ಹಿಂದಿನ ಹಂತಕ್ಕೆ ಮರಳಿಸಿತು. ಅಲ್ಲಿಗೂ ಮುಗಿಯಲಿಲ್ಲ. ಚೆಕ್ ಬೌನ್ಸ್ ಪ್ರಕರಣಗಳಿಗೆ ಈ ನೋಟಿಸ್ ಬೇಕಿಲ್ಲವೆಂದು 2025ರಲ್ಲಿ ಇದೇ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಒಂದೇ ಪರಂತುಕ, ಒಂದೂವರೆ ವರ್ಷದೊಳಗೆ ಎರಡು ಪಾಠ. ಚೆಕ್ ಪ್ರಕರಣಗಳೇ ರಾಶಿಯಾಗಿ ಬಿದ್ದಿರುವ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಈ ಪಾಠ ತಡವಾಗಿ ತಲುಪಿದರೆ ಆಗುವ ನಷ್ಟವನ್ನು ಊಹಿಸಿಕೊಳ್ಳಬಹುದು.

ನ್ಯಾಯಾಧೀಶರ ತರಬೇತಿ ಎಂದೊಡನೆ ನಾವು ಹೊಸದಾಗಿ ಆಯ್ಕೆಯಾದವರನ್ನೇ ನೆನೆಯುತ್ತೇವೆ. ದೇಶದಲ್ಲಿ ಇದುವರೆಗೆ ನಡೆದ ಚರ್ಚೆಯೂ ಹೆಚ್ಚಾಗಿ ಹೆಬ್ಬಾಗಿಲಿನಲ್ಲೇ ನಿಂತಿದೆ. ನ್ಯಾಯಾಂಗ ಅಧಿಕಾರಿಗಳ ತರಬೇತಿಯ ಬಗ್ಗೆಯೇ ಕಾನೂನು ಆಯೋಗ 1986ರಲ್ಲಿ ತನ್ನ 117ನೇ ವರದಿಯನ್ನು ಕೊಟ್ಟಿತ್ತು. ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ, ಸೇವೆಯಲ್ಲಿರುವವರಿಗೆ ತರಬೇತಿ ನೀಡುವ ಸಂಸ್ಥೆಗಳು ಕೇಂದ್ರದಲ್ಲೂ ರಾಜ್ಯಗಳಲ್ಲೂ ಆಗಬೇಕೆಂದಿತು. ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿ ನೋಂದಣಿಯಾದದ್ದು 1993ರಲ್ಲಿ, ಕನ್ನಡಿಗರಾದ ಎಂ.ಎನ್. ವೆಂಕಟಾಚಲಯ್ಯನವರು ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ. ಅದರ ಆವರಣ ಉದ್ಘಾಟನೆಯಾದದ್ದು 2002ರಲ್ಲಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಎನ್.ಆರ್. ಮಾಧವ ಮೆನನ್ ಅವರೇ ಅಲ್ಲಿಗೂ ಹೋಗಿ ಆರಂಭದ ವರ್ಷಗಳಲ್ಲಿ ನಿರ್ದೇಶಕರಾದರು.

ಈ ನಡುವೆ ಅದೇ ಸಂಘದ ಪ್ರಕರಣದಲ್ಲಿ ಒಂದು ಹಗ್ಗಜಗ್ಗಾಟ ನಡೆಯುತ್ತಲೇ ಇತ್ತು. ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷ ವಕೀಲಿಕೆ ಮಾಡಿರಬೇಕೆಂದು 1993ರಲ್ಲಿ ಹೇಳಲಾಯಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ನ್ಯಾಯಾಂಗ ವೇತನ ಆಯೋಗದ ವರದಿಯ ನಂತರ 2002ರಲ್ಲಿ ಆ ಷರತ್ತನ್ನು ತೆಗೆದು, ಅದರ ಬದಲಿಗೆ ಹೊಸಬರಿಗೆ ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ ತರಬೇತಿ ಕೊಡಿ ಎನ್ನಲಾಯಿತು. 2025ರ ಮೇ 20ರಂದು ಮೂರು ವರ್ಷದ ಷರತ್ತು ಮರಳಿ ಬಂತು. ಕೋರ್ಟ್ ನಡೆಸುವ ಮುನ್ನ ಒಂದು ವರ್ಷದ ತರಬೇತಿಯೂ ಉಳಿಯಿತು. ವಕೀಲಿಕೆಯ ಅನುಭವ ಬೇಕೆಂಬ ವಾದದಲ್ಲಿ ಹುರುಳಿದೆ. ಕಕ್ಷಿದಾರನ ಎದುರು ಕುಳಿತು ಫೀಸಿನ ಮಾತಾಡದವರಿಗೆ, ವಾಯಿದೆ ಕೇಳಿ ಬೈಸಿಕೊಳ್ಳದವರಿಗೆ ಕೋರ್ಟಿನ ಇನ್ನೊಂದು ಬದಿ ಕಾಣುವುದಿಲ್ಲ. ಆದರೆ ಮೂರು ದಶಕಗಳ ಈ ಚರ್ಚೆಯಲ್ಲಿ, ಒಳಗೆ ಬಂದವರು ಮುಂದಿನ ಮೂವತ್ತು ವರ್ಷ ಏನನ್ನು, ಯಾರಿಂದ, ಯಾವಾಗ ಕಲಿಯುತ್ತಾರೆ ಎಂಬುದಕ್ಕೆ ಸಿಕ್ಕ ಜಾಗ ತೀರಾ ಕಡಿಮೆ. ಫ್ರಾನ್ಸಿನಲ್ಲಿ ಬೋರ್ಡೋ ನಗರದ ರಾಷ್ಟ್ರೀಯ ಶಾಲೆಯಲ್ಲಿ 31 ತಿಂಗಳ ಆರಂಭಿಕ ತರಬೇತಿ ಮುಗಿಸಿದವರು ಮುಂದೆಯೂ ವರ್ಷಕ್ಕೆ ಐದು ದಿನ ಕಲಿಕೆಗೆ ಕೊಡಲೇಬೇಕು. ನಮ್ಮಲ್ಲಿ ಇಡೀ ದೇಶಕ್ಕೆ ಅನ್ವಯಿಸಿ ವರ್ಷಕ್ಕೆ ಇಂತಿಷ್ಟು ದಿನವೆಂದು ಹೇಳುವ ಶಾಸನವಿಲ್ಲ. ಆಯಾ ಹೈಕೋರ್ಟ್, ಆಯಾ ಅಕಾಡೆಮಿಯ ವೇಳಾಪಟ್ಟಿಯೇ ಅದನ್ನು ನಿರ್ಧರಿಸುತ್ತದೆ.

ಮೂವತ್ತು ವರ್ಷವೆಂದರೆ ಎಷ್ಟು ದೀರ್ಘ ಎಂಬುದನ್ನು ವಿದ್ಯುನ್ಮಾನ ಸಾಕ್ಷ್ಯದ ಕಾನೂನು ತೋರಿಸುತ್ತದೆ. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯೊಂದಿಗೆ ಸಾಕ್ಷ್ಯ ಕಾಯ್ದೆಗೆ, ವಿದ್ಯುನ್ಮಾನ ದಾಖಲೆ ಹೇಗೆ ಸಿದ್ಧವಾಯಿತೆಂದು ತಿಳಿಸುವ ಪ್ರಮಾಣಪತ್ರವನ್ನು ಕೇಳುವ 65ಬಿ ಕಲಂ ಸೇರಿತು. ಸಂಸತ್ ಭವನದ ಮೇಲಿನ ದಾಳಿಯ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್, ಪ್ರಮಾಣಪತ್ರವಿಲ್ಲದಿದ್ದರೂ ಬೇರೆ ದಾರಿಯಲ್ಲಿ ಸಾಕ್ಷ್ಯ ಒಪ್ಪಬಹುದೆಂದಿತು. 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಪ್ರಮಾಣಪತ್ರ ಕಡ್ಡಾಯವೆಂದಿತು. 2018ರಲ್ಲಿ ಅದು ಸ್ವಲ್ಪ ಸಡಿಲವಾಯಿತು. 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಮತ್ತೆ ಬಿಗಿಯಾಯಿತು. 2024ರಲ್ಲಿ ಕಾಯ್ದೆಯೇ ಬದಲಾಗಿ 63ನೇ ಕಲಂ ಬಂತು, ಪ್ರಮಾಣಪತ್ರದ ನಮೂನೆ ಎರಡು ಭಾಗವಾಯಿತು. 2004ರಲ್ಲಿ ತರಬೇತಿ ಮುಗಿಸಿ ಪೀಠವೇರಿದವರು ಇದೊಂದೇ ವಿಷಯವನ್ನು ಐದು ಸಲ ಹೊಸದಾಗಿ ಕಲಿಯಬೇಕಾಯಿತು, ಅವರ ಸೇವೆ ಇನ್ನೂ ಮುಗಿದಿಲ್ಲ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗಡಿಯೊಂದರ ಮುಂದೆ ಹೊಡೆದಾಟ ನಡೆಯುತ್ತದೆ, ಸಿಸಿಟಿವಿಯಲ್ಲಿ ದಾಖಲಾಗುತ್ತದೆ. ಅಂಗಡಿಯವನು ಆ ತುಣುಕನ್ನು ಮೊಬೈಲಿನಲ್ಲಿ ಪಡೆದು ಪೊಲೀಸರಿಗೆ ವಾಟ್ಸ್‌ಆ್ಯಪ್ ಮಾಡುತ್ತಾನೆ. ಠಾಣೆಯ ಕಂಪ್ಯೂಟರಿನಿಂದ ಅದು ಪೆನ್‌ಡ್ರೈವಿಗೆ ಹೋಗಿ, ಕಂದು ಲಕೋಟೆಯೊಳಗೆ ಅರಗಿನ ಮುದ್ರೆಯೊಂದಿಗೆ ಕೋರ್ಟಿಗೆ ಬರುತ್ತದೆ. ಜೊತೆಗಿರುವ ಪ್ರಮಾಣಪತ್ರದ ಎ ಭಾಗವನ್ನು ಸಾಕ್ಷ್ಯ ಹಾಜರುಪಡಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ಮೌಲ್ಯಕ್ಕೆ ಜಾಗವಿದೆ. ಈ ಹ್ಯಾಶ್ ಎನ್ನುವುದು ಕಡತದ ಬೆರಳಚ್ಚು ಇದ್ದ ಹಾಗೆ. ಕಡತದ ಒಳಗೆ ಒಂದೇ ಒಂದು ಅಂಶ ಬದಲಾದರೂ ಅದು ಪೂರ್ತಿ ಬದಲಾಗುತ್ತದೆ. ಕಡತದ ಹೆಸರನ್ನು ಮಾತ್ರ ಬದಲಿಸಿದರೆ ಬದಲಾಗುವುದಿಲ್ಲ. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳುಹಿಸುವುದರಿಂದ, ಠಾಣೆಗೆ ಬಂದ ಪ್ರತಿಯ ಹ್ಯಾಶ್ ಅಂಗಡಿಯ ಡಿವಿಆರ್ ಪೆಟ್ಟಿಗೆಯಲ್ಲಿರುವ ಮೂಲದ ಹ್ಯಾಶ್‌ಗೆ ತಾಳೆಯಾಗುವುದಿಲ್ಲ. ಪೆನ್‌ಡ್ರೈವಿನಲ್ಲಿರುವುದು ಸುಳ್ಳೆಂದು ಇದರ ಅರ್ಥವಲ್ಲ, ಅದು ಮೂಲವಲ್ಲ ಎಂದಷ್ಟೇ ಅರ್ಥ. ಇನ್ನು ಪಾಟೀಸವಾಲಿನಲ್ಲಿ, ಕಡತದ ಹೆಸರು ಬೇರೆಯಾಗಿದೆ, ಆದ್ದರಿಂದ ಇದನ್ನು ತಿರುಚಲಾಗಿದೆ ಎಂದು ವಕೀಲರು ಸೂಚಿಸುತ್ತಾರೆ. ಸಾಕ್ಷಿ ಸರಿ ಎಂದುಬಿಡುತ್ತಾನೆ. ಹೆಸರಿನ ಬದಲಾವಣೆಗೂ ಒಳಗಿನ ಬದಲಾವಣೆಗೂ ಇರುವ ಅಂತರ ಪೀಠದಲ್ಲಿರುವವರಿಗೆ ತಿಳಿದಿರದಿದ್ದರೆ ಗಟ್ಟಿ ಸಾಕ್ಷ್ಯ ಬಿದ್ದುಹೋಗಬಹುದು, ಇಲ್ಲವೇ ಟೊಳ್ಳು ಸಾಕ್ಷ್ಯ ನಿಂತುಬಿಡಬಹುದು.

ಇಲ್ಲಿ ಕಲಿಯಬೇಕಾದವರು ನ್ಯಾಯಾಧೀಶರು ಮಾತ್ರವೇ? ಲಕೋಟೆ ತಂದ ಪೇದೆ, ಅದನ್ನು ಸ್ವೀಕರಿಸಿ ಮುದ್ದೆಮಾಲಿನ ಕೋಣೆಗೆ ಕಳುಹಿಸುವ ಗುಮಾಸ್ತರು, ಅದಕ್ಕೆ ನಿಶಾನೆ ಹಾಕುವ ಬೆಂಚ್ ಕ್ಲರ್ಕ್, ಸಾಕ್ಷಿಯನ್ನು ಪ್ರಶ್ನಿಸುವ ಸರ್ಕಾರಿ ಅಭಿಯೋಜಕರು, ಎದುರು ಪಕ್ಷದ ವಕೀಲರು, ಇವರೆಲ್ಲರ ಕೈ ದಾಟಿಯೇ ಆ ಪೆನ್‌ಡ್ರೈವ್ ತೀರ್ಪಿನೊಳಗೆ ಬರುತ್ತದೆ. ತರಬೇತಿಯ ವ್ಯವಸ್ಥೆ ಮಾತ್ರ ಇವರನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಕೂರಿಸಿದೆ. ನ್ಯಾಯಾಧೀಶರದ್ದು ಬೆಂಗಳೂರಿನ ಕ್ರೆಸೆಂಟ್ ರಸ್ತೆಯ ಕರ್ನಾಟಕ ನ್ಯಾಯಾಂಗ ಅಕಾಡೆಮಿಯಲ್ಲಿ, ಪೊಲೀಸರದ್ದು ಅವರ ಇಲಾಖೆಯ ಶಾಲೆಗಳಲ್ಲಿ, ಅಭಿಯೋಜಕರದ್ದು ಅವರ ಇಲಾಖೆಯಲ್ಲಿ. ವಕೀಲರಿಗೆ ಸನ್ನದು ಸಿಕ್ಕ ಮೇಲೆ ಒಮ್ಮೆ ಅಖಿಲ ಭಾರತ ಪರೀಕ್ಷೆ ಬರೆದರೆ ಮುಗಿಯಿತು, ಆಮೇಲೆ ಕಡ್ಡಾಯವಾಗಿ ಕಲಿಯಬೇಕಾದದ್ದು ಏನೂ ಇಲ್ಲ. ಎಲ್ಲರನ್ನೂ ಒಂದೆಡೆ ಸೇರಿಸಿ ಕಲಿಸುವುದರಲ್ಲಿ ಒಂದು ಅಪಾಯವಿದೆ. ನ್ಯಾಯಾಧೀಶರು, ಪೊಲೀಸರು, ಅಭಿಯೋಜಕರು ಮೂರು ದಿನ ಒಟ್ಟಿಗೆ ಕಲಿತು ಒಟ್ಟಿಗೆ ಉಂಡರೆ ಆರೋಪಿಯ ಪರ ನಿಲ್ಲುವವರಿಗೆ ಅದು ಬೇರೆಯೇ ರೀತಿ ಕಾಣುತ್ತದೆ, ಕಾಣಲೂಬೇಕು. ಹಾಗಾಗಿ ಜಂಟಿ ತರಬೇತಿ ನಡೆದರೆ ಆರೋಪಿ ಪರ ವಕೀಲರು ಅದೇ ಕೋಣೆಯಲ್ಲಿರಬೇಕು. ಮೊದಲ ಪಾಟೀಸವಾಲು ಅಲ್ಲಿಯೇ ನಡೆಯಲಿ.

ಕೋರ್ಟ್ ಸಿಬ್ಬಂದಿಯ ಮಾತು ಇನ್ನೂ ಸ್ವಲ್ಪ ಹೇಳಬೇಕು. ಜನಸಾಮಾನ್ಯರಿಗೆ ಕೋರ್ಟೆಂದರೆ ಶಿರಸ್ತೇದಾರರು, ಬೆಂಚ್ ಕ್ಲರ್ಕ್, ಸಮನ್ಸ್ ತರುವ ಅಮೀನರು. ಹದಿನೈದು ವರ್ಷ ಹಳ್ಳಿ ಹಳ್ಳಿ ತಿರುಗಿ, ಮನೆ ಬೀಗ ಹಾಕಿದ್ದರೆ ಬಾಗಿಲಿಗೆ ಅಂಟಿಸಿ, ಪಂಚರ ಸಹಿ ಪಡೆದು ಷರಾ ಬರೆದು ಬಂದ ಅಮೀನರ ಕೈಗೆ ಇ-ಕೋರ್ಟ್ ಯೋಜನೆ ಮೊಬೈಲ್ ಆ್ಯಪ್ ಕೊಟ್ಟಿದೆ. ಸಮನ್ಸ್ ಜಾರಿಯಾದ ಸ್ಥಳ, ಸಮಯ ಅದರಲ್ಲಿ ದಾಖಲಾಗಬೇಕು. ಈ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ ಒಪ್ಪಿದ ಮೊತ್ತ 7,210 ಕೋಟಿ ರೂಪಾಯಿ. ಯಂತ್ರಕ್ಕೆ ಹಣ ಬಂದಷ್ಟು ಸುಲಭವಾಗಿ ಯಂತ್ರ ಹಿಡಿಯುವ ಕೈಗೆ ಪಾಠ ಬರುವುದಿಲ್ಲ. ಪ್ರಕರಣ ಮಾಹಿತಿ ವ್ಯವಸ್ಥೆಯಲ್ಲಿ ಬೆಂಚ್ ಕ್ಲರ್ಕ್ ಹಂತವನ್ನು ತಪ್ಪಾಗಿ ನಮೂದಿಸಿದರೆ, ಸಾಕ್ಷಿ ವಿಚಾರಣೆಯಲ್ಲಿರುವ ದಾವೆ ವಾದಕ್ಕಿದೆ ಎಂದು ಮೊಬೈಲಿನಲ್ಲಿ ಕಾಣುತ್ತದೆ. ಕಕ್ಷಿದಾರ ಸಾಕ್ಷಿಯನ್ನು ಕರೆತರದೆ ಬರುತ್ತಾನೆ, ಒಂದು ವಾಯಿದೆ ಹೋಗುತ್ತದೆ. ನ್ಯಾಯಾಂಗದ ವಿಳಂಬದ ಬಗ್ಗೆ ಬರೆಯುವವರು ಇಂಥ ಸಣ್ಣ ಕ್ಲಿಕ್ಕುಗಳ ಬಗ್ಗೆ ಬರೆಯುವುದಿಲ್ಲ.

ತರಬೇತಿಯ ಪಠ್ಯಗಳಲ್ಲಿ ಇನ್ನೊಂದು ಕೊರತೆ ಭಾಷೆಯದು. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಅನುವಾದದ ಪತ್ರಿಕೆಯೇ ಒಂದಿದೆ, ಅದು ಸರಿ. ಆದರೆ ಪರೀಕ್ಷೆಯ ಅನುವಾದವೇ ಬೇರೆ, ಸಾಕ್ಷಿಕಟ್ಟೆಯ ಅನುವಾದವೇ ಬೇರೆ. ಸಾಕ್ಷಿ ತನ್ನ ಸೀಮೆಯ ಕನ್ನಡದಲ್ಲಿ, ಕೆಲವೆಡೆ ತುಳುವಿನಲ್ಲೋ ಲಂಬಾಣಿಯಲ್ಲೋ ಹೇಳಿದ್ದು, ನ್ಯಾಯಾಧೀಶರ ಬಾಯಿಂದ ಹಾದು, ಶೀಘ್ರಲಿಪಿಗಾರರ ಬೆರಳಿನಲ್ಲಿ ಇನ್ನೊಂದು ರೂಪ ಪಡೆಯುತ್ತದೆ. "ಅವ ಕೈ ಮಾಡಿದ" ಎಂದರೆ ಹೊಡೆದನೇ, ಹೊಡೆಯಲು ಕೈ ಎತ್ತಿದನೇ, ಸನ್ನೆ ಮಾಡಿದನೇ? ದಬ್ಬಿದ್ದು, ನೂಕಿದ್ದು, ಬಡಿದದ್ದು ಎಲ್ಲವೂ ಹಾಳೆಗೆ ಬರುವಾಗ "ಹಲ್ಲೆ ಮಾಡಿದ" ಎಂದಾದರೆ ಗಾಯದ ಪ್ರಮಾಣಪತ್ರಕ್ಕೂ ಹೇಳಿಕೆಗೂ ಹೊಂದಾಣಿಕೆ ತಪ್ಪುತ್ತದೆ, ಆ ವ್ಯತ್ಯಾಸವನ್ನು ಹಿಡಿದೇ ಆರೋಪಿಯ ಬಿಡುಗಡೆಯನ್ನು ಕೇಳಲಾಗುತ್ತದೆ. ಪೊಲೀಸರ ದೂರಿನಲ್ಲಿ ಬೈಗುಳವೆಲ್ಲ "ಅವಾಚ್ಯ ಶಬ್ದಗಳಿಂದ ನಿಂದಿಸಿ, ಜೀವಬೆದರಿಕೆ ಹಾಕಿ" ಎಂಬ ಅಚ್ಚಿಗೆ ಬೀಳುತ್ತದೆ; ಬೈದದ್ದು ಏನೆಂದು ಯಾರಿಗೂ ತಿಳಿಯುವುದಿಲ್ಲ, ಜಾತಿ ನಿಂದನೆಯ ಪ್ರಕರಣದಲ್ಲಿ ಅದೇ ತಿಳಿಯಬೇಕಾದ ಸಂಗತಿ. ಹೇಳಿಕೆಯನ್ನು ಹೇಳಿದ ಮಾತಿನಲ್ಲೇ ಬರೆದುಕೊಳ್ಳುವುದನ್ನು ಕಲಿಸಲು ದೊಡ್ಡ ಪ್ರಾಧ್ಯಾಪಕರು ಬೇಕಿಲ್ಲ. ವಿಲೇವಾರಿಯಾದ ಹತ್ತು ಕಡತಗಳು, ಕನ್ನಡ ಬಲ್ಲ ಒಬ್ಬ ಹಿರಿಯ ನ್ಯಾಯಾಧೀಶರು, ಒಂದು ಮಧ್ಯಾಹ್ನ ಸಾಕು.

ಇನ್ನು ಈಚಿನ ಒಂದು ಒಲವಿನ ಬಗ್ಗೆ ನನ್ನ ತಕರಾರಿದೆ. ಜಾಮೀನಿನ ಮಾರ್ಗಸೂಚಿಗಳನ್ನು ಪಾಲಿಸದ ಲಖನೌದ ಸೆಷನ್ಸ್ ನ್ಯಾಯಾಧೀಶರೊಬ್ಬರಿಂದ ನ್ಯಾಯಿಕ ಕೆಲಸ ಹಿಂಪಡೆದು ಅಕಾಡೆಮಿಗೆ ಕಳುಹಿಸುವಂತೆ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಸೂಚಿಸಿತು. 2025ರಲ್ಲಿ ದೆಹಲಿಯ ಇಬ್ಬರು ನ್ಯಾಯಾಂಗ ಅಧಿಕಾರಿಗಳಿಗೂ ಏಳು ದಿನಗಳ ವಿಶೇಷ ತರಬೇತಿಗೆ ಆದೇಶವಾಯಿತು. ಆ ನ್ಯಾಯಾಧೀಶರು ಬರೆದ ಆದೇಶಗಳಲ್ಲಿ ಲೋಪಗಳಿದ್ದವು, ತಿದ್ದಬೇಕಾದದ್ದೂ ಹೌದು. ಆದರೆ ಪತ್ರಿಕೆಗಳ ತಲೆಬರಹದಲ್ಲಿ ಬಂದ ಮೇಲೆ ತರಬೇತಿ ಎನ್ನುವುದು ಮೂಲೆಯಲ್ಲಿ ನಿಲ್ಲಿಸುವ ಶಿಕ್ಷೆಯಾಗಿ ಕಾಣತೊಡಗುತ್ತದೆ. ನಾಳೆ ಸ್ವಇಚ್ಛೆಯಿಂದ ಒಂದು ಕಾರ್ಯಾಗಾರಕ್ಕೆ ಹೆಸರು ಕೊಡುವ ನ್ಯಾಯಾಧೀಶರನ್ನು ಸಹೋದ್ಯೋಗಿಗಳು "ಏನಾಯ್ತು?" ಎಂದು ಕೇಳುವಂತಾಗಬಾರದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಜಾಮೀನು ಕೊಟ್ಟರೂ ಕೊಡದಿದ್ದರೂ ಮೇಲಿನವರು ಪಾಠಕ್ಕೆ ಕಳುಹಿಸಬಹುದೆಂಬ ಅಂಜಿಕೆ ಸೇರಿಕೊಂಡರೆ ಕೆಳಗಿನ ನ್ಯಾಯಾಲಯ ಧೈರ್ಯವಾಗಿ ಆದೇಶ ಬರೆಯುವುದಿಲ್ಲ.

ಇದರ ಜೊತೆಗೆ, ಮೇಲಿನವರ ಕಲಿಕೆಯ ಪ್ರಶ್ನೆಯೂ ಇದೆ. ಲೈಂಗಿಕ ದೌರ್ಜನ್ಯದ ಆರೋಪಿ ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಜಾಮೀನು ಷರತ್ತನ್ನು 2021ರ ಮಾರ್ಚ್‌ನಲ್ಲಿ ರದ್ದುಪಡಿಸಿದ ಸುಪ್ರೀಂ ಕೋರ್ಟ್, ಲಿಂಗ ಸಂವೇದನೆಯ ಪಾಠವನ್ನು ನ್ಯಾಯಾಧೀಶರ ತರಬೇತಿಯಲ್ಲಿ ಸೇರಿಸಲು ಹೇಳಿತು. 2023ರಲ್ಲಿ ಅದೇ ವಿಷಯದ ಕೈಪಿಡಿಯನ್ನೂ ಹೊರತಂದಿತು. ರಾಖಿಯ ಷರತ್ತು ಬರೆದದ್ದು ಮಾತ್ರ ತಾಲ್ಲೂಕು ಕೋರ್ಟಲ್ಲ, ಮಧ್ಯಪ್ರದೇಶ ಹೈಕೋರ್ಟ್. 2020ರಲ್ಲಿ ಅತ್ಯಾಚಾರದ ದೂರುದಾರಳ ನಡತೆಯ ಬಗ್ಗೆ ಜಾಮೀನು ಆದೇಶವೊಂದರಲ್ಲಿ ಬಂದು, ಟೀಕೆಯ ನಂತರ ತೆಗೆದುಹಾಕಲಾದ ಮಾತು ನಮ್ಮ ಹೈಕೋರ್ಟಿನದು. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ಭೋಪಾಲದಲ್ಲಿ ಸಮಾವೇಶಗಳಿವೆ, ಕಡ್ಡಾಯ ತರಬೇತಿ ಇಲ್ಲ. ಇಪ್ಪತ್ತೈದು ವರ್ಷ ವಕೀಲರಾಗಿ ಒಂದೇ ಬಗೆಯ ಪ್ರಕರಣ ನಡೆಸಿದವರು ಪ್ರಮಾಣವಚನ ಸ್ವೀಕರಿಸಿದ ಮರುದಿನ ತಮಗೆ ಪರಿಚಯವೇ ಇಲ್ಲದ ವಿಷಯದ ಪ್ರಕರಣಗಳನ್ನು ಕೇಳಬೇಕಾಗಿ ಬರಬಹುದು. ಕಲಿಕೆ ಬೇಕಾದದ್ದು ಕೆಳಗಿನವರಿಗೆ ಮಾತ್ರ ಎಂಬ ಗ್ರಹಿಕೆಯಿಂದ ಹೊರಡುವ ಯೋಜನೆಗೆ ಕೆಳಗಿನವರ ಗೌರವವೂ ಸಿಗದು.

ಕೃತಕ ಬುದ್ಧಿಮತ್ತೆ ಈ ಎಲ್ಲದರ ಮೇಲೆ ಬಂದು ಕುಳಿತಿದೆ. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ಆದೇಶವೊಂದು ಎಂದೂ ಬರೆಯಲ್ಪಡದ ತೀರ್ಪುಗಳನ್ನು ಉಲ್ಲೇಖಿಸಿದ್ದನ್ನು ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಪತ್ತೆಹಚ್ಚಿ ಕ್ರಮಕ್ಕೆ ಸೂಚಿಸಿತು. ಅವು ಎಲ್ಲಿಂದ ಬಂದವು ಎಂಬುದು ಏನೇ ಇರಲಿ, ಉಲ್ಲೇಖವನ್ನು ಮೂಲದಲ್ಲಿ ತೆರೆದು ನೋಡುವ ಅಭ್ಯಾಸ ತಪ್ಪಿತ್ತು ಎಂಬುದಂತೂ ಸ್ಪಷ್ಟ. ಕೇರಳ ಹೈಕೋರ್ಟ್ ಅದೇ ವರ್ಷದ ಜುಲೈಯಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯೊಂದನ್ನು ಹೊರಡಿಸಿ, ತೀರ್ಮಾನಕ್ಕೆ ಬರಲು ಇಂಥ ಸಾಧನಗಳನ್ನು ಬಳಸುವಂತಿಲ್ಲವೆಂದಿತು. ನ್ಯಾಯಾಧೀಶರೂ ಸಿಬ್ಬಂದಿಯೂ ತರಬೇತಿ ಪಡೆಯಬೇಕೆಂದಿತು.

ಇಷ್ಟೆಲ್ಲ ಕಲಿಯಲು ಹೊತ್ತು ಎಲ್ಲಿಂದ ತರುವುದು? ದೇಶದ ಜಿಲ್ಲಾ ನ್ಯಾಯಾಂಗದಲ್ಲಿ ಬಾಕಿ ಇರುವ ಪ್ರಕರಣಗಳು ನಾಲ್ಕು ಕೋಟಿಗೂ ಹೆಚ್ಚು. ನ್ಯಾಯಾಧೀಶರ ಕೆಲಸ ಅಳೆಯುವುದು ವಿಲೇವಾರಿಯ ಯೂನಿಟ್ ಲೆಕ್ಕದಲ್ಲಿ, ಅಂದರೆ ಮುಗಿಸಿದ ಪ್ರಕರಣಗಳಿಗೆ ಸಿಗುವ ಅಂಕಗಳಲ್ಲಿ. ಅಕಾಡೆಮಿಗಳ ಕೆಲಸ ಅಳೆಯುವುದು ಎಷ್ಟು ಕಾರ್ಯಕ್ರಮ, ಎಷ್ಟು ಮಂದಿ ಎಂಬ ಲೆಕ್ಕದಲ್ಲಿ. ಈ ಎರಡು ಲೆಕ್ಕಗಳ ನಡುವೆ, ತರಬೇತಿಯಿಂದ ಬಂದ ಮೇಲೆ ಆರ್ಡರ್ ಶೀಟಿನಲ್ಲಿ ಏನು ಬದಲಾಯಿತು ಎಂದು ನೋಡುವವರಿಲ್ಲ. ಅದನ್ನು ನೋಡುವುದು ಕಷ್ಟವೇನಲ್ಲ. ಮೇಲ್ಮನವಿಯಲ್ಲಿ ಮರಳಿ ಬರುವ ಪ್ರಕರಣಗಳಲ್ಲಿ ಯಾವ ತಪ್ಪು ಮತ್ತೆ ಮತ್ತೆ ಕಾಣುತ್ತದೆ ಎಂದು ಹೈಕೋರ್ಟ್ ಹೆಸರಿಲ್ಲದ ಪಟ್ಟಿಯೊಂದನ್ನು ಅಕಾಡೆಮಿಗೆ ಕೊಟ್ಟರೆ ಮುಂದಿನ ವರ್ಷದ ಪಠ್ಯ ತಾನಾಗಿ ಸಿದ್ಧವಾಗುತ್ತದೆ. ಸಂವಿಧಾನದ 235ನೇ ವಿಧಿ ಅಧೀನ ನ್ಯಾಯಾಲಯಗಳ ನಿಯಂತ್ರಣವನ್ನು ಹೈಕೋರ್ಟಿಗೆ ಒಪ್ಪಿಸಿರುವುದರಿಂದ ಇದಕ್ಕೆ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಹಣ ಮಾತ್ರ ಸರ್ಕಾರದಿಂದ ಬರಬೇಕು. 13ನೇ ಹಣಕಾಸು ಆಯೋಗ 2010ರಿಂದ 2015ರ ಅವಧಿಗೆ ನ್ಯಾಯಾಂಗಕ್ಕೆಂದು ಶಿಫಾರಸು ಮಾಡಿದ 5,000 ಕೋಟಿಯಲ್ಲಿ ನ್ಯಾಯಾಂಗ ಅಧಿಕಾರಿಗಳ ತರಬೇತಿಗೆ 250 ಕೋಟಿ, ಅಭಿಯೋಜಕರ ತರಬೇತಿಗೆ 150 ಕೋಟಿ ಮೀಸಲಿಟ್ಟಿತ್ತು.

ನ್ಯಾಯಾಧೀಶರ ನಡತೆಯ ಬಗ್ಗೆ ಜಗತ್ತೆಲ್ಲ ಉಲ್ಲೇಖಿಸುವ ತತ್ವಗಳಿಗೆ ಬೆಂಗಳೂರಿನ ಹೆಸರೇ ಇದೆ. 2001ರ ಫೆಬ್ರುವರಿಯಲ್ಲಿ ಇಲ್ಲಿ ಕರಡು ಸಿದ್ಧವಾಗಿ, ಮರುವರ್ಷ ಹೇಗ್ ನಗರದಲ್ಲಿ ಪರಿಷ್ಕರಣೆಗೊಂಡ ಆ ತತ್ವಗಳಲ್ಲಿ ಆರನೆಯದು ಸಾಮರ್ಥ್ಯ ಮತ್ತು ಶ್ರದ್ಧೆ. ತನ್ನ ತಿಳಿವನ್ನು ಹೆಚ್ಚಿಸಿಕೊಳ್ಳುವುದು ನ್ಯಾಯಾಧೀಶರ ಕರ್ತವ್ಯವೆಂದು ಅದು ಹೇಳುತ್ತದೆ, ಅದಕ್ಕೆ ಬೇಕಾದ ತರಬೇತಿ ನ್ಯಾಯಾಂಗದ ನಿಯಂತ್ರಣದಲ್ಲೇ ಒದಗಬೇಕೆಂದೂ ಹೇಳುತ್ತದೆ. ಒದಗಿಸುವುದೆಂದರೆ ಆಹ್ವಾನ ಕಳುಹಿಸುವುದಷ್ಟೇ ಅಲ್ಲ. ತರಬೇತಿಗೆ ಹೋದ ದಿನಗಳನ್ನು ಯೂನಿಟ್ ಲೆಕ್ಕದಿಂದ ಬಿಡುವುದು, ಆ ದಿನಗಳ ಪ್ರಕರಣಗಳ ಪಟ್ಟಿಯನ್ನು ಒಂದು ತಿಂಗಳು ಮೊದಲೇ ಖಾಲಿ ಮಾಡುವುದು ಕೂಡ. ಈಗ ನಡೆಯುವುದು ಹಾಗಲ್ಲ. ಸಾಹೇಬರು ಬೆಂಗಳೂರಿಗೆ ತರಬೇತಿಗೆ ಹೋದ ದಿನ ಪ್ರಭಾರದಲ್ಲಿರುವ ನ್ಯಾಯಾಧೀಶರು ರಿಮಾಂಡು, ತುರ್ತು ಅರ್ಜಿಗಳನ್ನಷ್ಟೇ ನೋಡುತ್ತಾರೆ. ಎರಡು ಬಸ್ಸು ಬದಲಿಸಿ ಬಂದ ಸಾಕ್ಷಿಗೆ ಬೆಂಚ್ ಕ್ಲರ್ಕ್ ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ, ಅವನು ಅದನ್ನು ಅಂಗಿಯ ಜೇಬಿಗಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ಹೊರಡುತ್ತಾನೆ.